ಸಾಲದ ಲೆಕ್ಕ, ಮನಸ್ಸಿನ ಭಾರ

ಗದಗ ತಾಲೂಕಿನ ಅಸುಂಡಿಯ ಸೀಮೆ ಎರೆಭೂಮಿಯದು. ಹದಮಳೆಯಾದರೆ ಹತ್ತಿ, ಜೋಳ, ಕಡಲೆ. ಮಳೆ ಕೈಕೊಟ್ಟರೆ ಸಾಲ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂಬ ಮಾತಿದೆ. ಇಲ್ಲಿನ ರೈತನ ಮನಸ್ಸನ್ನು ಅರಿಯಬೇಕೆಂದರೆ ಅವನ ಸಾಲದ ಚರಿತ್ರೆಯಿಂದಲೇ ಶುರುಮಾಡಬೇಕು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳನ್ನು ಮುಟ್ಟದೆ ಧಾರವಾಡ ಸೀಮೆಯ ಹತ್ತಿಗೆ ಭಾರೀ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಹಿಂದೆಯೇ 1876–78ರ ಬರಗಾಲ. ಕಂದಾಯವನ್ನಂತೂ ನಗದಾಗಿಯೇ ಕಟ್ಟಬೇಕು. ಸಾಹುಕಾರನ ಬಾಗಿಲು ತಟ್ಟದೆ ಗತಿಯಿರಲಿಲ್ಲ. ಅದೇ ಮುಂಬಯಿ ಪ್ರಾಂತದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ದಂಗೆಯೆದ್ದ ರೈತರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು.

ಗದಗ ಸೀಮೆ ಹಿಡಿದ ದಾರಿ ಬೇರೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಇದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಯಿತು. ಜರ್ಮನಿಯ ರೈಫೈಸನ್ ರೂಪಿಸಿದ್ದ ಮಾದರಿಯಂತೆ ಆ ಕಾಯ್ದೆಯಡಿ ಹಳ್ಳಿಯ ಸಂಘಗಳದ್ದು ಸಾಮಾನ್ಯವಾಗಿ ಅನಿಯಮಿತ ಹೊಣೆ: ಒಬ್ಬ ತೀರಿಸದಿದ್ದರೆ ಉಳಿದವರೆಲ್ಲ ಹೊರಬೇಕು.

ಇದರಿಂದ ಕಡಿಮೆಯಾದದ್ದು ಬಡ್ಡಿಯೊಂದೇ ಅಲ್ಲ. ಸಾಹುಕಾರನ ಮುಂದೆ ರೈತ ಒಬ್ಬಂಟಿ. ಲೆಕ್ಕ ಅವನ ಪುಸ್ತಕದಲ್ಲಿ, ಅವಮಾನ ಇವನ ಎದೆಯಲ್ಲಿ. ಸಂಘದಲ್ಲಿ ಸಾಲ ಹತ್ತು ಜನ ಕೂತು ಮಾತಾಡುವ ಸಂಗತಿಯಾಯಿತು. ಮುಚ್ಚಿಟ್ಟ ಸಾಲ ಮನಸ್ಸನ್ನು ಹೆಚ್ಚು ತಿನ್ನುತ್ತದೆ; ಹೇಳಿಕೊಂಡದ್ದು ಅರ್ಧ ಹಗುರ.

ಆದರೆ ಹೊಲವಿಲ್ಲದ ಕೂಲಿಯವರಿಗೆ ಬೆಳೆಸಾಲ ದಕ್ಕುವುದು ಎಲ್ಲಿಂದ? ಇಂದು ಅಂಥ ಮನೆಗಳ ಹೆಣ್ಣುಮಕ್ಕಳು ಮೈಕ್ರೊಫೈನಾನ್ಸ್ ಗುಂಪುಗಳಲ್ಲಿ ಸಾಲ ಪಡೆಯುತ್ತಾರೆ. ಅಲ್ಲೂ ಒಬ್ಬರಿಗೊಬ್ಬರು ಹೊಣೆಯೇ. ಆದರೆ ಹಣ ಹೊರಗಿನದು, ನಿಯಮವೂ ಹೊರಗಿನದು. ಕಂತು ತಪ್ಪಿದರೆ ಪಕ್ಕದ ಮನೆಯವಳೇ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ವಸೂಲಿ ಕಿರುಕುಳಕ್ಕೆ ಜನ ಜೀವ ಕಳೆದುಕೊಂಡ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತಂದಿತು.

ಹೊಣೆಯ ಹಗ್ಗ ಎರಡೂ ಕಡೆ ಒಂದೇ. ಬಾವಿಗೆ ಬಿದ್ದವರನ್ನು ಮೇಲೆತ್ತುವುದೂ ಅದೇ, ಕೊರಳಿಗೆ ಬಿಗಿಯುವುದೂ ಅದೇ. ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಕಣಗಿನಹಾಳದಲ್ಲಿ ಅದು ಊರವರ ಕೈಯಲ್ಲಿತ್ತು.