ಮೈಕ್ರೋಫೋನಿನ ವಿಕಾಸ ಮತ್ತು ಆಯ್ಕೆಯ ವಿವೇಕ

1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡಾಗ, ಮುಂದೆ ಮೈಸೂರಿನ ಆಸ್ಥಾನವನ್ನು ಸೇರಿ 1930ರಲ್ಲಿ ಅಲ್ಲಿಯೇ ಕಾಲವಾದ ಆ ಮಹಾಗಾಯಕಿಯ ಎದುರಿಗಿದ್ದುದು ಮೈಕ್ರೋಫೋನಲ್ಲ, ಕೇವಲ ಒಂದು ಕಹಳೆ. ಕಂಠದ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಾಗಿದ್ದುದರಿಂದ ಆ ಕಾಲದಲ್ಲಿ ಉಚ್ಚಕಂಠದವರು ಗೆದ್ದರು. ಮೃದುನಾದದ ವಾದ್ಯಗಳು ಹಿಂದುಳಿದುವು.

ಮೈಕ್ರೋಫೋನು ಆಗ ಹುಟ್ಟಿಯೇ ಇರಲಿಲ್ಲವೆಂದಲ್ಲ. ಇಂಗಾಲದ ಸಡಿಲವಾದ ಸಂಪರ್ಕದ ಮೂಲಕ ಹರಿಯುವ ವಿದ್ಯುತ್ತು ಶಬ್ದದ ಒತ್ತಡಕ್ಕನುಸಾರವಾಗಿ ಏರಿಳಿಯುವುದೆಂಬುದನ್ನು ಡೇವಿಡ್ ಹ್ಯೂಸನು 1878ರಲ್ಲಿಯೇ ತೋರಿಸಿದ್ದನು. ಆದರೆ ಆ ಬಗೆಯ ಉಪಕರಣವು ಟೆಲಿಫೋನಿನ ಸಂಭಾಷಣೆಗೆ ಸಾಕಾಯಿತೇ ಹೊರತು, ತಾನೇ ಹೊರಡಿಸುವ ಸುಯ್ಯೆಂಬ ಸದ್ದಿನ ದೆಸೆಯಿಂದ ಸಂಗೀತಕ್ಕೆ ಒಗ್ಗಲಿಲ್ಲ. 1916ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಇ. ಸಿ. ವೆಂಟೆಯು ಬಿಗಿದ ತೆಳುಪೊರೆಯೊಂದನ್ನು ಸ್ಥಿರವಾದ ಫಲಕದ ಸನಿಹದಲ್ಲಿ ನಿಲ್ಲಿಸಿ, ಅವೆರಡರ ನಡುವಣ ಅಂತರದ ಕಂಪನವನ್ನೇ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಕಂಡೆನ್ಸರ್ ಮೈಕ್ರೋಫೋನನ್ನು ನಿರ್ಮಿಸಿದನು. ಅದರ ಅತಿಕ್ಷೀಣವಾದ ಸಂಕೇತವನ್ನು ವಾಲ್ವುಗಳು ವರ್ಧಿಸಿಕೊಡಲಾಗಿ, 1925ರಲ್ಲಿ ಅಮೆರಿಕದ ಕಂಪನಿಗಳು ವಿದ್ಯುತ್ ಮುದ್ರಣವನ್ನು ಕೈಗೊಂಡುವು. ನನ್ನ ಎಣಿಕೆಯಲ್ಲಿ ಈ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ಹಿರಿದಾದ ತಿರುವು ಇನ್ನೊಂದಿಲ್ಲ. ಏಕೆಂದರೆ ಅಂದಿನಿಂದ ಗಾಯಕನು ಯಂತ್ರದೊಡನೆ ಸೆಣಸದೆ, ಪಿಸುದನಿಯಲ್ಲಿಯೂ ಭಾವವನ್ನು ಹೊಮ್ಮಿಸುವ ಸ್ವಾತಂತ್ರ್ಯವನ್ನು ಪಡೆದನು.

ಶಬ್ದವನ್ನು ಹಿಡಿಯುವುದು ಸಾಧ್ಯವಾದ ಮೇಲೆ ಬೇಡದ ಶಬ್ದವನ್ನು ಬಿಡುವ ಸಮಸ್ಯೆ ತಲೆದೋರಿತು. ಹ್ಯಾರಿ ಓಲ್ಸನ್ ರೂಪಿಸಿದ ರಿಬ್ಬನ್ ಮೈಕ್ರೋಫೋನು ಹಿಂದುಮುಂದಣ ದನಿಗಳನ್ನು ಸಮನಾಗಿ ಕೇಳಿ ಪಕ್ಕದ ದನಿಗೆ ಕಿವುಡಾಗುತ್ತಿತ್ತು. ಅದರ ಅಲ್ಯೂಮಿನಿಯಮ್ ಪಟ್ಟಿಯಾದರೋ ಬಿರುಸಾಗಿ ಊದಿದರೆ ಕೆಡುವಷ್ಟು ನಾಜೂಕು. 1939ರಲ್ಲಿ ಬಂದ ಶೂರ್ ಸಂಸ್ಥೆಯ ಯೂನಿಡೈನ್, ಬಾಳಿಕೆಯ ಚಲನಸುರುಳಿಯನ್ನು, ಎಂದರೆ ಅಯಸ್ಕಾಂತದ ಬಳಿ ಪೊರೆಯೊಡನೆ ಅಲುಗಿ ವಿದ್ಯುತ್ತನ್ನು ಹೊರಡಿಸುವ ತಂತಿಸುರುಳಿಯನ್ನು, ಏಕಮುಖ ಶ್ರವಣದೊಡನೆ ಕೂಡಿಸಿತು. ಅದೇ ವಂಶದ ಎಸ್ಎಂ 58, 1966ರಲ್ಲಿ ಬಂದು ಇಂದಿಗೂ ವೇದಿಕೆಗಳಲ್ಲಿದೆ. ಬೆಲ್ ಪ್ರಯೋಗಾಲಯದ ಸೆಸ್ಲರ್ ಮತ್ತು ವೆಸ್ಟ್ 1962ರಲ್ಲಿ ರೂಪಿಸಿದ, ಪೊರೆಯಲ್ಲಿಯೇ ವಿದ್ಯುದಾವೇಶವನ್ನು ಉಳಿಸಿಕೊಳ್ಳುವ ಎಲೆಕ್ಟ್ರೆಟ್ ಮೈಕ್ರೋಫೋನನ್ನು ಬಡವರಿಗೂ ಎಟುಕಿಸಿತು.

ಇನ್ನು ಆಯ್ಕೆ. ತಂಬೂರಿಯ ಝೇಂಕಾರವನ್ನೂ ವೀಣೆಯ ಗಮಕದ ಕೊನೆಯನ್ನೂ ಸೂಕ್ಷ್ಮವಾಗಿ ಹಿಡಿಯಬಲ್ಲ ಕಂಡೆನ್ಸರ್, ಫ್ಯಾನಿನ ಸದ್ದನ್ನೂ ಬೀದಿಯ ಹಾರನ್ನನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಇದನ್ನರಿಯದೆ ಬೆಲೆಯನ್ನೇ ಗುಣವೆಂದು ಬಗೆದವರು, ಗದ್ದಲದ ಮನೆಯಲ್ಲಿ ಮಾತನ್ನು ಮುದ್ರಿಸಲು ಬಾಯ ಬಳಿ ಹಿಡಿದ ಸಾಧಾರಣ ಚಲನಸುರುಳಿಯೇ ಮೇಲೆಂಬುದನ್ನು ತಡವಾಗಿ ಕಲಿಯುತ್ತಾರೆ. ಏಕಮುಖ ಮೈಕ್ರೋಫೋನು ಹತ್ತಿರವಾದಷ್ಟೂ ಮಂದ್ರಸ್ವರಗಳನ್ನು ಉಬ್ಬಿಸುವುದರಿಂದ, ಕಂಠವು ತನ್ನದಲ್ಲದ ಗಾಂಭೀರ್ಯವನ್ನು ತಾಳುವುದೂ ಉಂಟು; ಒಂದು ಗೇಣು ಹಿಂದೆ ಸರಿದು ಕೇಳಿ ನೋಡುವುದು ಮೇಲು. ಹಣವುಳ್ಳವರು ಮೊದಲು ಕೊಠಡಿಗೆ ದಪ್ಪನೆಯ ಪರದೆಗಳನ್ನು ಇಳಿಬಿಟ್ಟು ಗೋಡೆಗಳ ಮಾರ್ದನಿಯನ್ನು ತಗ್ಗಿಸಿ, ಉಳಿದ ಹಣದಲ್ಲಿ ಮೈಕ್ರೋಫೋನನ್ನು ಕೊಳ್ಳತಕ್ಕದ್ದು.