ಗೊಂಬೆಗಳ ಸಾಕ್ಷ್ಯ

1939ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಮೇಮಿ ಕ್ಲಾರ್ಕ್ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದ ವಿಷಯ, ಶಾಲೆಗೆ ಸೇರುವ ಮುಂಚೆಯೇ ಕಪ್ಪು ಮಕ್ಕಳಲ್ಲಿ ‘ನಾನು’ ಎಂಬ ಅರಿವು ಮೂಡುವ ಬಗೆ. ಪತಿ ಕೆನೆತ್ ಜೊತೆ ನಡೆಸಿದ ಗೊಂಬೆ ಪರೀಕ್ಷೆ ಇದರಿಂದಲೇ ಬೆಳೆದದ್ದು. ಎರಡು ಕಂದು, ಎರಡು ಬಿಳಿ ಗೊಂಬೆಗಳು. ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಅಚ್ಚು. ಆಡಲು ಯಾವುದು ಬೇಕು, ಚೆಂದದ್ದು ಯಾವುದು, ಕೆಟ್ಟದಾಗಿ ಕಾಣುವುದು ಯಾವುದು ಎಂದೆಲ್ಲ ಕೇಳಿ, ಕೊನೆಗೆ ‘ನಿನ್ನ ಹಾಗಿರುವ ಗೊಂಬೆ ಕೊಡು’ ಎನ್ನುತ್ತಿದ್ದರು. ಆಗ ಕೆಲವು ಮಕ್ಕಳು ಅತ್ತುಬಿಟ್ಟರು. 3ರಿಂದ 7 ವರ್ಷದ 253 ಕಪ್ಪು ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗ ಆಟಕ್ಕೆ ಬಿಳಿ ಗೊಂಬೆಯನ್ನೇ ಆರಿಸಿಕೊಂಡಿತು.

ಕೊಲಂಬಿಯಾದಲ್ಲಿ ಮೇಮಿಯವರ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ ಹೆನ್ರಿ ಗ್ಯಾರೆಟ್ ವರ್ಣಭೇದದ ಪರ ಇದ್ದವರು. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಎಂಬ ಪದ್ಧತಿಯ ವಿರುದ್ಧದ 1952ರ ವರ್ಜೀನಿಯಾ ಮೊಕದ್ದಮೆಯಲ್ಲಿ ಗುರು ಒಂದು ಕಡೆ, ಶಿಷ್ಯೆ ಇನ್ನೊಂದು ಕಡೆ ಸಾಕ್ಷಿ ನುಡಿದರು. ಬೇರ್ಪಟ್ಟ ಶಾಲೆಗಳನ್ನು ಅಸಿಂಧುಗೊಳಿಸಿದ 1954ರ ಬ್ರೌನ್ ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಕೆನೆತ್ ಅವರ ಬರಹದ ಉಲ್ಲೇಖವಿದೆ, ಮೇಮಿಯವರ ಹೆಸರಿಲ್ಲ.

ಬೇರ್ಪಟ್ಟ ಶಾಲೆಗಳೇ ಕಪ್ಪು ಮಕ್ಕಳಲ್ಲಿ ಕೀಳರಿಮೆ ಬೆಳೆಸುತ್ತವೆ ಎಂಬ ವಾದಕ್ಕೆ ಮುಜುಗರ ತರುವ ಅಂಶವೂ ಗೊಂಬೆ ಪರೀಕ್ಷೆಯಲ್ಲಿ ಇತ್ತು: ದಕ್ಷಿಣದ ಮಕ್ಕಳಿಗಿಂತ ಮಿಶ್ರ ಶಾಲೆಗಳ ಉತ್ತರದ ಮಕ್ಕಳೇ ಬಿಳಿ ಗೊಂಬೆಯತ್ತ ಹೆಚ್ಚು ವಾಲಿದ್ದರು. ಗುಂಪಿನ ಗುರುತು ಬೇರೆ, ಸ್ವಾಭಿಮಾನ ಬೇರೆ, ಗೊಂಬೆಯ ಆಯ್ಕೆಯೊಂದರಿಂದಲೇ ಆತ್ಮದ್ವೇಷವನ್ನು ಊಹಿಸಲಾಗದು ಎಂದು 1991ರ ಪುಸ್ತಕದಲ್ಲಿ ವಿಲಿಯಂ ಕ್ರಾಸ್ ವಾದಿಸಿದರು.