ತಣ್ಣನೆಯ ಎಂಜಿನ್, ಏರಿದ ರೇಸ್

1955ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿ-ಎ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಮ್ಮಲ್ಲಿ ಮದುವೆಗೂ ಮಂತ್ರಿಗಳ ಸವಾರಿಗೂ ಒದಗಿದ ಅಂಬಾಸಿಡರ್ ದಪ್ಪ ಮೈಯ ಸಂಸಾರಸ್ಥ ಗಾಡಿ. ಹೊರಗಿನಿಂದ ನೋಡಿದರೆ ಎರಡಕ್ಕೂ ಸಂಬಂಧವೇ ಕಾಣದು. ಬಾನೆಟ್ ಎತ್ತಿದಾಗ ಗೊತ್ತಾಗುತ್ತದೆ, ಇವು ಒಂದೇ ಮನೆತನದವು: ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 1489 ಸಿಸಿಯ ಬಿ-ಸೀರೀಸ್ ಎಂಜಿನ್, ಅದರ ಮಗ್ಗುಲಿಗೆ ಎಸ್‌ಯು ಕಾರ್ಬುರೇಟರ್. ಎಂಜಿಗೆ ಕಾರ್ಬುರೇಟರ್ ಎರಡು, ಅಂಬಾಸಿಡರಿಗೆ ಒಂದು.

ಹೀಗಾಗಿ ಹಳೆಯ ಸ್ಪೋರ್ಟ್ಸ್ ಕಾರೊಂದು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆದೊಡನೆ ಅತಿಯಾಗಿ ರೇಸ್ ಆಗತೊಡಗಿದರೆ, ಕಾರಣ ಹುಡುಕುವ ವಿದ್ಯೆ ಬೀದರ್ ಜಿಲ್ಲೆಯ ಹೆದ್ದಾರಿ ಬದಿಯ ಮಿಸ್ತ್ರಿಗೂ ಹೊಸದಲ್ಲ. ಎಂಜಿಯನ್ನು ಆತ ಕಣ್ಣಿಂದ ಕಂಡಿರಲಿಕ್ಕಿಲ್ಲ. ಅದರ ಒಳಗನ್ನು ಮಾತ್ರ ಅಂಬಾಸಿಡರಿನಲ್ಲಿ ಸಾಕಷ್ಟು ಸಲ ಬಿಚ್ಚಿ ಜೋಡಿಸಿದ್ದ.

ಈ ವಿದ್ಯೆ ಇಲ್ಲಿ ಬೇರೂರಲು ಮುಖ್ಯ ಕಾರಣ ರಸ್ತೆ. ಹೈದರಾಬಾದಿನಿಂದ ಸೋಲಾಪುರ, ಪುಣೆಗಳಿಗೆ ಹೋಗುವ ದಾರಿ ಹುಮನಾಬಾದನ್ನು ಹಾದು, ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾ ಮುಟ್ಟಿ ಪಶ್ಚಿಮಕ್ಕೆ ಸಾಗುತ್ತದೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 9 ಎನಿಸಿದ್ದ ಇದಕ್ಕೆ ಈಗಿನ ಸಂಖ್ಯೆ 65. ಈ ಭಾಗ ನಿಜಾಮರ ಸೀಮೆಯಾಗಿತ್ತು. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಬದಲಾಯಿತು, ದಾರಿ ಬದಲಾಗಲಿಲ್ಲ. ಲಾರಿಗಳು ನಿಲ್ಲುವಲ್ಲಿ ಚಹಾದಂಗಡಿ, ಚಹಾದಂಗಡಿಯ ಪಕ್ಕ ಪಂಕ್ಚರ್ ಅಂಗಡಿ, ಅದರಾಚೆ ಗ್ಯಾರೇಜು. ಸಸ್ತಾಪುರ ಬಂಗ್ಲಾದ ಆಟೊ ನಗರದಲ್ಲಿ ಇವತ್ತಿಗೂ ಸುತ್ತಿಗೆಯ ಸದ್ದು ನಿಲ್ಲುವುದಿಲ್ಲ. ದುಬಲಗುಂಡಿಯಂಥ ಊರುಗಳ ಹುಡುಗರು ಪಾನಾ ಹಿಡಿಯುವುದನ್ನು ಕಲಿತದ್ದು ಶಾಲೆಯಲ್ಲಲ್ಲ, ಇಂಥ ಗ್ಯಾರೇಜುಗಳಲ್ಲಿ ಉಸ್ತಾದರ ಪಕ್ಕ ಕೂತು.

ಇನ್ನೊಂದು ಕಾರಣ ಹವೆ. ಬೀದರ್ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು. ಡಿಸೆಂಬರಿನಲ್ಲಿ ಕರ್ನಾಟಕದ ಅತಿ ಚಳಿಯ ಜಿಲ್ಲೆಗಳಲ್ಲಿ ಇದೂ ಒಂದು. ದತ್ತ ಜಯಂತಿಯ ಹೊತ್ತಿಗೆ ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಸಂತ ಮಾಣಿಕಪ್ರಭುಗಳ ಜಾತ್ರೆ ನೆರೆಯುವುದೂ ಇದೇ ಚಳಿಯಲ್ಲೇ. ರಾತ್ರಿಯಿಡೀ ಮಂಜಿನಲ್ಲಿ ನಿಂತ ಕಾರನ್ನು ನಸುಕಿನಲ್ಲಿ ಎಬ್ಬಿಸುವ ಕಷ್ಟ ಕರಾವಳಿಯವರಿಗೆ ಅಷ್ಟಾಗಿ ತಿಳಿಯದು.

ಸ್ವಾತಂತ್ರ್ಯಾನಂತರ ಆಮದಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಹಿಂದುಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಮೂರು ಕಂಪನಿಗಳ ಕಾರುಗಳೇ ದೇಶದ ಪಾಲಿಗೆ ಉಳಿದವು. ಆದರೂ ಸ್ಪೋರ್ಟ್ಸ್ ಕಾರುಗಳ ನೆಂಟಸ್ತಿಕೆ ಕಡಿಯಲಿಲ್ಲ. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ನೋಡಿ: ಅದರ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಬ್ರಿಟನ್ನಿನವರು ಕಟ್ಟಿದ್ದು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು. ಅದೇ ವರ್ಷ ಬಂದ ಎಂಜಿ-ಬಿಯಲ್ಲಿ ಅಂಬಾಸಿಡರಿನ ಎಂಜಿನ್ನೇ 1798 ಸಿಸಿಗೆ ಹಿಗ್ಗಿತ್ತು.

ಈಗ ಚಳಿಯ ವಿಷಯಕ್ಕೆ ಬರೋಣ. ಉರಿಯುವುದು ಪೆಟ್ರೋಲಿನ ಹನಿಯಲ್ಲ, ಅದರ ಆವಿ. ಬಿಸಿ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಸಾಕು. ತಣ್ಣನೆಯ ಎಂಜಿನ್ನಿನಲ್ಲಿ ಹನಿಗಳು ಸಿಲಿಂಡರಿಗೆ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ಗೋಡೆಗೇ ಅಂಟಿಕೊಳ್ಳುತ್ತವೆ, ಸಿಲಿಂಡರಿಗೆ ಬೇಕಾದಷ್ಟು ಆವಿ ತಲುಪುವುದಿಲ್ಲ. ಆಯಿಲ್ ಬೇರೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಪೆಟ್ರೋಲನ್ನೂ ಹೆಚ್ಚಿಸಬೇಕು, ಥ್ರಾಟಲನ್ನೂ ತುಸು ತೆರೆದಿಡಬೇಕು. ಚೋಕ್ ಗುಂಡಿ ಎಳೆದಾಗ ಎಸ್‌ಯು ಕಾರ್ಬುರೇಟರ್ ಎರಡನ್ನೂ ಮಾಡುತ್ತದೆ. ಎಂಜಿ-ಬಿಯಲ್ಲಿದ್ದ ಎಚ್‌ಎಸ್ ಮಾದರಿಯಲ್ಲಿ ಇದರ ಕ್ರಮ ಬಲು ಚೆಂದ: ಗುಂಡಿಯ ಮೊದಲ ಸ್ವಲ್ಪ ಎಳೆತಕ್ಕೆ ಒಂದು ಕ್ಯಾಮ್ ತಿರುಗಿ ಥ್ರಾಟಲನ್ನಷ್ಟೇ ಎತ್ತುತ್ತದೆ. ಇನ್ನೂ ಎಳೆದರೆ ಜೆಟ್ ಕೆಳಗಿಳಿದು, ಮೊನಚಾದ ಸೂಜಿಯ ಸುತ್ತ ಜಾಗ ಹಿಗ್ಗಿ, ಪೆಟ್ರೋಲ್ ಹೆಚ್ಚಾಗುತ್ತದೆ. ಒಂದು ತಂತಿ, ಒಂದು ಕ್ಯಾಮ್, ಎರಡು ಕೆಲಸ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಸ್ಕಿನ್ನರ್ ಸೋದರರ ಕೈಯಲ್ಲಿ ಹುಟ್ಟಿದ ಈ ಕಾರ್ಬುರೇಟರಿಗಿಂತ ಸರಳವಾದದ್ದು ಆಮೇಲೂ ಹೆಚ್ಚು ಬರಲಿಲ್ಲ.

ಅಂದರೆ ಚಳಿಯಲ್ಲಿ ರೇಸ್ ಏರುವುದೇ ದೋಷವಲ್ಲ. ಎಷ್ಟು ಏರಿತು, ಬಿಸಿಯಾಗುತ್ತ ಇಳಿಯಿತೇ ಎಂಬುದನ್ನು ನೋಡಬೇಕು. ಎಂಜಿ-ಬಿ ಥರದ ಕಾರು ಚೋಕ್ ಎಳೆದಾಗ ನಿಮಿಷಕ್ಕೆ 1000ದಿಂದ 1200 ಸುತ್ತು ತಿರುಗಿದರೆ ಸರಿ, 2000 ದಾಟಿದರೆ ಏನೋ ತಪ್ಪಿದೆ.

ತಪ್ಪು ಹುಡುಕುವವರು ಮೊದಲು ಕಾರನ್ನು ಇಡೀ ರಾತ್ರಿ ತಣ್ಣಗೆ ನಿಲ್ಲಿಸುತ್ತಾರೆ. ಊರಿನಿಂದ ಓಡಿಸಿಕೊಂಡು ಬಂದ ಗಾಡಿಯಲ್ಲಿ ಚಳಿಯ ದೋಷ ಸಿಗುವುದಿಲ್ಲ. "ಮುಂಜಾನಿ ರೇಸ್ ಜಾಸ್ತಿ ಆಗ್ತದ, ಇಳೀವಲ್ದು" ಎಂದು ಡ್ರೈವರ್ ಹೇಳಿದರೆ, ಚೋಕ್ ಒಳಗೆ ಒತ್ತಿದ ಮೇಲೂ ಇಳಿಯದೋ, ಒತ್ತುವ ಮುಂಚೆ ಮಾತ್ರವೋ ಎಂದು ಕೇಳಬೇಕು. ಒತ್ತಿದೊಡನೆ ಇಳಿದರೆ ಚೋಕಿನ ಕ್ಯಾಮ್ ಒತ್ತುವ ಫಾಸ್ಟ್ ಐಡಲ್ ಸ್ಕ್ರೂ ಅತಿಯಾಗಿ ಬಿಗಿದಿದೆ, ಸಡಿಲಿಸಿದರೆ ಮುಗಿಯಿತು. ಒತ್ತಿದರೂ ಇಳಿಯದಿದ್ದರೆ ಕಣ್ಣು ಹೋಗಬೇಕಾದ್ದು ಚೋಕ್ ಕೇಬಲಿನತ್ತ. ತುಕ್ಕು ಹಿಡಿದ ತಂತಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಕ್ಯಾಮ್ ಸ್ಕ್ರೂವನ್ನು ಒತ್ತಿಕೊಂಡೇ ಇರುತ್ತದೆ. ಗುಂಡಿ ಪೂರ್ತಿ ಒಳಗಿರುವಾಗ ಕ್ಯಾಮಿಗೂ ಸ್ಕ್ರೂಗೂ ನಡುವೆ ತುಸು ಸಂದು ಇರಲೇಬೇಕು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ರೇಸ್ ಹಾಗೇ ನಿಂತರೆ ಚೋಕನ್ನು ಬಿಟ್ಟು ಗಾಳಿಯನ್ನು ಅನುಮಾನಿಸಬೇಕು: ಮ್ಯಾನಿಫೋಲ್ಡಿನ ಪ್ಯಾಕಿಂಗ್, ಸವೆದ ಥ್ರಾಟಲ್ ಸ್ಪಿಂಡಲ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು. ಸಂದುಗಳ ಮೇಲೆ ನೀರು ಸಿಂಪಡಿಸಿದಾಗ ಸದ್ದು ಬದಲಾದ ಜಾಗವೇ ಸೋರುವ ಜಾಗ. ಎರಡು ಕಾರ್ಬುರೇಟರಿನ ಕಾರಾದರೆ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಪ್ರತಿ ಕಾರ್ಬುರೇಟರಿನ ಬಾಯಿಗೆ ಹಿಡಿದು, ಗಾಳಿ ಎಳೆಯುವ ಸದ್ದು ಎರಡೂ ಕಡೆ ಸಮನಾಗಿದೆಯೇ ಎಂದು ಕೇಳುತ್ತಿದ್ದರು. ಮೀಟರುಗಳು ಬಂದ ಮೇಲೂ ಹಳಬರು ಈ ಪೈಪನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.

ಇಡೀ ಕೆಲಸದಲ್ಲಿ ದುಬಾರಿಯಾದ ಆತುರ ಒಂದೇ: ಚಳಿಯಲ್ಲಿ ಏರಿದ ರೇಸ್ ಕೇಳಿ ಮಾಮೂಲಿ ಐಡಲ್ ಸ್ಕ್ರೂವನ್ನು ತಿರುಗಿಸಿಬಿಡುವುದು. ಕ್ಯಾಮ್ ಎತ್ತಿ ಹಿಡಿದ ಥ್ರಾಟಲ್ ಅದರಿಂದ ಇಳಿಯದು, ಸದ್ದೂ ತಗ್ಗದು. ಬಿಸಿಯಾದ ಗಾಡಿ ಮುಂದಿನ ಟೋಲ್ ಗೇಟಿನಲ್ಲಿ ಆಫ್ ಆಗುತ್ತದೆ. ಅಕ್ಕಪಕ್ಕದಲ್ಲೇ ಇರುವ ಎರಡು ಸ್ಕ್ರೂಗಳ ಭೇದ ತಿಳಿದವನೇ ಉಸ್ತಾದ್.

1970ರ ದಶಕದ ಜರ್ಮನ್ ಸ್ಪೋರ್ಟ್ಸ್ ಕಾರುಗಳಲ್ಲಿ ಚೋಕ್ ಗುಂಡಿಯೇ ಮಾಯವಾಯಿತು. ಬಾಷ್ ಕಂಪನಿಯ ಇಂಜೆಕ್ಷನ್ ವ್ಯವಸ್ಥೆಗಳಲ್ಲಿ ಥ್ರಾಟಲಿನ ಪಕ್ಕದ ಪೈಪಿನಿಂದ ಗಾಳಿ ಬಿಡುವ ಒಂದು ವಾಲ್ವ್ ಇತ್ತು. ತಣ್ಣಗಿದ್ದಾಗ ತೆರೆದಿದ್ದು, ಒಳಗಿನ ಎರಡು ಲೋಹ ಬೆಸೆದ ಪಟ್ಟಿ ಕರೆಂಟಿನಿಂದ ಕಾದು ಬಾಗಿದಂತೆ ಕೆಲವು ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚದೆ ಉಳಿದರೆ ಎಂಜಿನ್ ಬಿಸಿಯಾದರೂ ರೇಸ್ ಇಳಿಯದು. ಆ ಪೈಪನ್ನು ಪಕ್ಕಡಿನಿಂದ ಹಿಸುಕಿದಾಗ ರೇಸ್ ಬಿದ್ದರೆ ಕಳ್ಳ ಸಿಕ್ಕಂತೆಯೇ. ಯಂತ್ರ ಬದಲಾದರೂ ಹುಡುಕುವ ದಾರಿ ಅದೇ.

ಅಂಬಾಸಿಡರಿಗೆ 1980ರ ಸುಮಾರಿಗೆ ಡೀಸೆಲ್ ಎಂಜಿನ್ ಬಂದು ಟ್ಯಾಕ್ಸಿಯವರು ಅದಕ್ಕೆ ಒಲಿದರು. 1992ರಲ್ಲಿ ಇಸುಝು ಎಂಜಿನ್ ಬಂತು, 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಂತಿತು. 2000ದ ಹೊಗೆ ನಿಯಮಗಳ ಹೊತ್ತಿಗೆ ಹೊಸ ಕಾರುಗಳಿಂದ ಕಾರ್ಬುರೇಟರ್ ಬಹುತೇಕ ಹೋಯಿತು. ಬೈಕುಗಳಲ್ಲಿ ಅದು ಉಳಿದದ್ದು 2020ರ ಏಪ್ರಿಲಿನಲ್ಲಿ ಬಿಎಸ್-6 ಬರುವವರೆಗೆ. ಈಗ ಐಟಿಐ ಮುಗಿಸಿದ ಹುಡುಗ ಸ್ಕ್ಯಾನರ್ ಸಿಕ್ಕಿಸಿ ತಪ್ಪಿನ ಸಂಖ್ಯೆ ಓದುತ್ತಾನೆ. ಅದು ಸರಿಯೇ, ಹೊಸ ಗಾಡಿಗೆ ಬೇಕಾದದ್ದೂ ಅದೇ.

ಆದರೆ ಹಳೆಯ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ, ಬೆಂಗಳೂರಿನಲ್ಲಿ ಅವುಗಳ ರ‍್ಯಾಲಿಗಳು ನಡೆಯುತ್ತಲೇ ಇವೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಎಸ್‌ಯು ಕಾರ್ಬುರೇಟರ್ ಮತ್ತು ಅದರ ಬಿಡಿಭಾಗ ಇಂದೂ ತಯಾರಾಗುತ್ತವೆ. ಹೆದ್ದಾರಿ 65ರ ಉದ್ದಕ್ಕೂ ಅಂಬಾಸಿಡರ್ ಬಿಚ್ಚಿದವರ ತಲೆಮಾರು ಇನ್ನೂ ಇದೆ, ಬಹಳ ಕಾಲ ಇರುವುದಿಲ್ಲ. ಬೀದರ್ ಜಿಲ್ಲೆಯ ಐಟಿಐಗಳು ಅವರನ್ನು ಚಳಿಗಾಲದ ಒಂದು ಮುಂಜಾನೆ ಕರೆಸಿ, ರಾತ್ರಿಯಿಡೀ ಹೊರಗೆ ನಿಂತ ಗಾಡಿಯೊಂದನ್ನು ಮುಂದಿಟ್ಟು, ಅವರು ಕೆಲಸ ಮಾಡುತ್ತ ಹೇಳುವುದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು.